ಮೇಬಲ್ ಥಾರ್ಬರ್ನ್ ಹಡಗಿನ ಒಳಗಿಂದ

ಹಲೋ... ಹಲೋ, ಯಾರು ಮಾತಾಡ್ತಿರೋದು? ಡೋರೀನಾ? ನಾನಮ್ಮಾ, ಲಾರ್ನ್. ನಿಮ್ಮೆಜಮಾನ್ರ ಎಣ್ಣೆ ಹಡಗಲ್ಲಿ ಪಂಪು ನೋಡ್ಕೊಳ್ತಿದ್ನಲ್ಲ... ಹಾಂ, ಇನ್ನೂ ಬದುಕಿದೀನಿ. ಕ್ಯಾಪ್ಟನ್‌ಗೆ ಕೊಡಿ ಸ್ವಲ್ಪ...

ಕ್ಯಾಪ್ಟನ್, ಸಾರ್ನಿಯಾ ಬಂದರಿಂದ ಫೋನ್ ಮಾಡ್ತಿದೀನಿ... ಅಲ್ಲ, ಕಟ್ಟೆಯಿಂದಲ್ಲ, ನಮ್ಮ ಮೇಬಲ್ ಥಾರ್ಬರ್ನ್ ಒಳಗಿಂದಾನೇ. ಅಡುಗೆಮನೆ ಗೋಡೇಲಿ ಫೋನಿದ್ಯಲ್ಲ, ಕಟ್ಟೆಯಿಂದ ತಂತಿ ಎಳೆದಿರೋದು, ಅದರಲ್ಲಿ...

ಮಾರಿಬಿಟ್ರು ಕ್ಯಾಪ್ಟನ್. ಇವತ್ತೇ ಎಳ್ಕೊಂಡು ಹೋಗ್ತಾರೆ. ಎಳೆಯೋ ದೋಣಿ, ಟಗ್ಗು, ಬಂದು ಮುಂದೆ ನಿಂತಿದೆ... ಅಯ್ಯೋ, ಗುಜರಿಗಲ್ಲ! ಬಿಡ್ತು ಅನ್ನಿ. ಕೆರಿಬಿಯನ್ ಕಡೆಯೋರು ಕೊಂಡ್ಕೊಂಡಿದಾರೆ, ಕಬ್ಬಿನ ಕಾಕಂಬಿ ಸಾಗಿಸ್ತಾರಂತೆ. ಆಫೀಸಿನ ಹುಡುಗಿ ಹೇಳಿದ್ಳು...

ನಾನೂ ಹೋಗ್ತಿದೀನಿ... ಯಾರು ಕರೀತಾರೆ? ಟಗ್ಗಿನೋರು ಆಗಲ್ಲ ಅಂದ್ರು. ಹಡಗಿನ ಬೀಗದ ಕೈ ಕೊಟ್ಟು, ಇಳಿದು ಹೋದ ಹಾಗೆ ನಟಿಸಿ, ತಿರುಗಿ ಹತ್ಕೊಂಡೆ. ನಗ್ಬೇಡಿ. ಈ ಪಂಪುಗಳ ಹಟ ಗೊತ್ತಿರೋನು ಒಬ್ಬ ಬೇಕಲ್ವಾ ಅವರಿಗೆ?...

ಬದಲಿ ಪ್ರೊಪೆಲ್ಲರಾ? ಕಟ್ಟೆ ಮೇಲೇ ಬಿದ್ದಿದೆ. ಇಲ್ಲ, ಹತ್ತಿಸ್ಲಿಲ್ಲ... ಹೌದು, ಓಡೋ ಹಡಗಿಗಾದ್ರೆ ಅದು ಬೇಕು, ಆಮೇಲೆ ಕಳಿಸ್ತಾರೇನೋ...

ಟ್ಯಾಂಕು ತೊಳ್ಸಿದ್ರಾ ಅಂತಾ? ಇಲ್ಲ. ಡೀಸೆಲ್ ವಾಸನೆ ಮೂಗಿಗೆ ಹೊಡೀತಿದೆ... ಹೌದು. ಕಾಕಂಬಿ ತಿನ್ನೋ ಪದಾರ್ಥ. ಹೌದು ಕ್ಯಾಪ್ಟನ್, ಡೀಸೆಲ್ ಮೆತ್ತಿದ ಟ್ಯಾಂಕಿಗೆ ಯಾರೂ ಹಾಕಲ್ಲ...

ಹೆಸರಾ? ಹೆಸರಿನ ಮೇಲೆ... ಥಾರ್ಬರ್ನ್ ಅನ್ನೋದರ ಮೇಲೆ ಕರಿ ಬಣ್ಣ ಬಳಿದಿದಾರೆ. ಬರೀ ಮೇಬಲ್ ಉಳಿದಿದೆ... ಹಾಂ. ಗೊತ್ತು. ಒಡೆಯೋಕೆ ಕಳಿಸೋವಾಗ ಹಾಗೇ ಮಾಡೋದು. ಬೇರೆ ಹಡಗುಗಳಿಗೆ ಮಾಡಿದಾಗ ನೋಡಿ ಬೈದೋನು ನಾನೇ. ಇದು ನಮ್ಮದು ಅಲ್ವಾ, ನೋಡಿದ್ರೂ ಕಾಣ್ಲಿಲ್ಲ. ಗುಜರಿಗೇ, ಅಲ್ವಾ ಕ್ಯಾಪ್ಟನ್?...

ಹೌದಾ... ಸರಿ, ನೀವೇ ಹೇಳಿದ್ಮೇಲೆ ಮುಗೀತು...

ಮ್ಯಾನಿಟೌಲಿನ್ ದ್ವೀಪಕ್ಕೆ ಮಂಜುಗಡ್ಡೆ ಒಡ್ಕೊಂಡು ಎಣ್ಣೆ ಒಯ್ದಿದ್ದು ನೆನಪಿದ್ಯಾ? ಇಡೀ ಊರಿನ ಒಲೆ ಆರಿತ್ತು. ಹೆಂಗಸ್ರು ಹುರಿದ ಮೀನು ತಂದ್ಕೊಟ್ರು. ಕೆನ್ನೆಗೆ ಮುತ್ತು ಕೊಟ್ಟಿದ್ದೆಲ್ಲ ನಿಮಗೆ, ನನಗೆ ಬರೀ ಮೀನು... ಹಹ್ಹ, ಹಾಗೇ ಹೇಳಿ ಡೋರೀನ್ ಮುಂದೆ! ಈಗ ಎರಡು ಪದರದ ಹೊಟ್ಟೆ ಇರೋ ಹಡಗೇ ಬೇಕಂತೆ ಎಣ್ಣೆಗೆ. ಇಷ್ಟು ವರ್ಷದಲ್ಲಿ ನಮ್ಮ ಮೇಬಲ್ ಸರೋವರಕ್ಕೆ ಒಂದು ಹನಿ ಚೆಲ್ಲಿದ್ಳಾ? ಹೇಳಿ ನೋಡೋಣ. ಹೊಟ್ಟೆ ಉರಿಯುತ್ತೆ ನನಗೆ...

ಇಳಿದು ಎಲ್ಲಿಗೆ ಹೋಗ್ಲಿ? ಬಾಡಿಗೆ ರೂಮು ಬಿಟ್ಟೆ. ಸೆಕೆ ದೇಶ ಅಂತ ದಪ್ಪ ಕೋಟೂ ಯಾರಿಗೋ ಕೊಟ್ಟೆ, ನವೆಂಬರಲ್ಲಿ! ಎಂಥ ಪೆದ್ದ ನೋಡಿ...

ಏನಂದ್ರಿ?... ನಿಮ್ಮನೇಲಾ? ಡೋರೀನ್ ಏನಂತಾರೆ?... ಹಾಂ, ಕೂಗ್ತಿರೋದು ಕೇಳಿಸ್ತು. ಹೊಳೆ ಕಡೆ ಕೋಣೆ... ಒಂದು ವಾರ ಅಷ್ಟೇ ಇರ್ತೀನಿ... ಯಾವಾಗ್ಲೂನಾ?... ಇಲ್ಲ, ಅಳ್ತಿಲ್ಲ. ಬರ್ತೀನಿ ಕ್ಯಾಪ್ಟನ್. ಬೆಳಿಗ್ಗೆಯಿಂದ ಒಳಗೊಳಗೇ ಭಯ ಆಗ್ತಿತ್ತು. ಈಗ್ಲೇ ಇಳೀತೀನಿ, ಒಂದ್ನಿಮಿಷ ಇರಿ, ಕಿಟಕೀಲಿ ನೋಡ್ತೀನಿ...

ಕ್ಯಾಪ್ಟನ್... ಏಣಿ ಎತ್ತಿಬಿಟ್ಟಿದಾರೆ. ಹಗ್ಗ ಬಿಚ್ಚಿದಾರೆ. ಕಟ್ಟೆಗೂ ನಮಗೂ ನಡುವೆ ನೀರು ಕಾಣ್ತಿದೆ...

ಕೂಗಿದ್ರೆ ಯಾರಿಗೆ ಕೇಳಿಸುತ್ತೆ?... ಬಂದರಿಗೆ ಫೋನ್ ಮಾಡ್ತೀರಾ? ಮಾಡಿ. ಆದ್ರೆ ಈ ಹೊಳೆ ಸೆಳೆತದಲ್ಲಿ ಎಂಜಿನ್ ಸತ್ತ ಹಡಗನ್ನ ನಡುವೆ ನಿಲ್ಸೋಕಾಗಲ್ಲ, ನನಗಿಂತ ನಿಮಗೇ ಗೊತ್ತು. ಮುಂದೆ ಎಲ್ಲೋ ಕಟ್ಟಿದಾಗ ಇಳಿಸಿ ಪೊಲೀಸರಿಗೆ ಕೊಡ್ತಾರೆ, ನಿಮ್ಮನೇಗಲ್ಲ...

ಫೋನಿನ ತಂತಿ ಬಿಗೀತಿದೆ, ಬೇಗ ಹೇಳ್ತೀನಿ. ಸಂಜೆ ನಿಮ್ಮನೆ ಮುಂದೆ ಹೊಳೇಲೇ ಹಾದು ಹೋಗ್ತೀವಿ. ನೀವು ಹೊರಗೆ ಬಂದು ನಿಲ್ಬೇಡಿ, ಇವಳನ್ನ ಹೀಗೆ ನೋಡ್ಬೇಡಿ. ಆಮೇಲೆ ಡೋರೀನ್‌ಗೆ ಹೇಳಿ, ಆ ಕೋಣೇಲಿ ದೀಪ ಹಾಕ್ಬಾರ್ದು ಅಂತ. ನನಗೆ ಅದನ್ನ ನೋಡ್ಕೊಂಡು ಮುಂದೆ ಹೋಗೋಕೆ ಆಗಲ್ಲ...

ಹಲೋ? ಕ್ಯಾಪ್ಟನ್? ಹಲ—