ಚಿತ್ರ ತೆಗೆದವರು ನಿಂತ ಜಾಗ

ನಿನ್ನೆ, ಜೂನ್ ಹತ್ತೊಂಬತ್ತು, ಗುರುವಾರ, ಬೆಳಿಗ್ಗೆ ಒಂಬತ್ತು ಹತ್ತು. ಸುದ್ದಿ ಹೊರಟದ್ದು ಆಗ. ಆಯಿತೇ? ಮೊದಲು ದಿನ, ವೇಳೆ, ಅಳು ಆಮೇಲೆ. ಊರಿಗಾಂ ಕಾಲೇಜಿನಲ್ಲಿ ಇತಿಹಾಸದ ಜೊತೆಗೆ ಇಷ್ಟನ್ನಾದರೂ ಕಲಿಸಿದ್ದೆನಲ್ಲ, ರಾಧ? ಸೆರಗಿನಿಂದ ಮೂಗು ಒರೆಸಬೇಡ. ಕುಳಿತುಕೋ. ಸೋಫಾ ಬೇಡ... ಆ ಕುರ್ಚಿ. ಕೊಟ್ಟಿಗೆಯಿಂದ ನೇರ ಬಂದಿದ್ದೀಯ.

ಶೀರ್ಷಿಕೆ ಓದು. ಗಟ್ಟಿಯಾಗಿ. ಆಗುವುದಿಲ್ಲವೇ? ನಾನೇ ಓದುತ್ತೇನೆ. ‘ಡೈರಿ ಕಾರ್ಯದರ್ಶಿಯಿಂದಲೇ ಹಾಲಿಗೆ ನೀರು! ಬಂಗಾರಪೇಟೆ ಮಕ್ಕಳು ಕುಡಿಯುತ್ತಿರುವುದು ಇದನ್ನೇ!’ ಮಕ್ಕಳನ್ನು ಏಕೆ ಎಳೆದು ತಂದರು? ಕೋಪ ಬರಲಿ ಎಂದು. ಕೆಳಗೆ ಚಿತ್ರ. ನಲ್ಲಿ, ಕ್ಯಾನು, ಕ್ಯಾನಿನೊಳಗೆ ಬೆಳ್ಳಗಿನ ನೀರು, ಬಗ್ಗಿ ನಿಂತ ನೀನು. ‘ಆರೋಪ ಕೇಳಿಬಂದಿದೆ.’ ಯಾರಿಂದ? ‘ಸ್ಥಳೀಯರಿಂದ.’ ಹೆಸರಿಲ್ಲದ ಸ್ಥಳೀಯರು... ಏಕೆ ನಗುತ್ತೀಯ? ನಗಲಿಲ್ಲವೇ? ನಕ್ಕಂತೆ ಕಂಡಿತು.

ಸುದ್ದಿ ಹಾಕಿದ್ದು ಯಾವ ಜಾಲಪುಟ? ‘ಗಣಿನಾಡ ಗುಟುರು.’ ಅದು ಯಾರದೆಂದು ಊರಿಗೆಲ್ಲ ಸಾರಿದವಳು ನೀನೇ! ಕಳೆದ ಯುಗಾದಿಯಲ್ಲಿ, ಚಾಂಪಿಯನ್ ರೀಫ್ಸ್ ಚಿನ್ನದ ಗಣಿ ಮತ್ತೆ ತೆರೆಯುತ್ತದೆ ಎಂಬ ಅವರ ಸುದ್ದಿಯನ್ನು ನಾನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಅದರ ಕೆಳಗೆ ನೀನು ಬರೆದೆ: ‘ಅನಸೂಯಮ್ಮ ಮೇಡಂ, ಈ ಪುಟ ಸೈಟು ಮಾರೋರದು. ರೇಟು ಏರಿಸೋಕೆ ಹಾಕಿರೋದು. ಯಾರಿಗೆ ಲಾಭ ಅಂತ ನೋಡಿ, ನೀವೇ ಕಲಿಸಿದ್ದಲ್ವಾ?’ ನೋಡಿ! ನನಗೆ! ಇಡೀ ಊರು ಹಲ್ಲು ಕಿರಿಯುವ ಮುಖಗಳನ್ನು ಅಂಟಿಸಿತು. ಆ ಮುದುಕಿ ಮುನಿನಾರಾಯಣಮ್ಮ ಕೂಡ... ತನ್ನ ಹೆಸರು ಬರೆಯಲು ಬಾರದವಳು!

ಕ್ಷಮೆ ಕೇಳಬೇಡ. ನೀನು ಬರೆದದ್ದು ಸರಿಯೇ. ಅದನ್ನು ಹೇಳಲು ನನ್ನ ಮನೆಗೆ ಬಾಗಿಲಿತ್ತು. ಆಗ ಬರಲಿಲ್ಲ, ಇವತ್ತು ಬಂದೆ.

ಮುನಿನಾರಾಯಣಮ್ಮ ಈಗ ಧ್ವನಿ ಮುದ್ರಿಸಿ ಗುಂಪಿಗೆ ಕಳಿಸಿದ ಮಾತು ಕೇಳಿದೆಯಾ? ‘ಅಯ್ಯೋ ನಮ್ಮಮ್ಮ, ಲೋಟದ್ ತುಂಬ ನಲ್ಲಿ ನೀರು ಕುಡ್ಕೊಂಡು, ಕೆನೆ ಯಾಕೆ ಕಟ್ಟಾಕಿಲ್ಲ ಅಂತ ಸೊಸೇನ ಬೈತಿದ್ನಲ್ಲೇ!’ ಇದಕ್ಕೆ ನಾನು ನಕ್ಕೆ. ನಗದೆ ಏನು ಮಾಡಲಿ?

ಅದೇ ಪುಟ, ನೋಡು. ಗಣಿಯ ಸುದ್ದಿಗೆ ನಕ್ಕವರೇ ಹಾಲಿನ ಸುದ್ದಿಯನ್ನು ನಂಬಿದರು. ಏಕೆ? ನೀನು ಬಿದ್ದರೆ ನೋಡಲು ಅವರಿಗೆ ಚೆನ್ನಾಗಿರುತ್ತದೆ. ಪಕ್ಷಪಾತ ಬರೆದವನಲ್ಲಿ ಮಾತ್ರ ಇರುವುದಿಲ್ಲ, ರಾಧ. ಓದುವವರ ಬಳಿಯೂ ಒಂದಿಷ್ಟು ಇರುತ್ತದೆ, ಸಿದ್ಧವಾಗಿ.

ನೀನು ಬಂದದ್ದು ಏಕೆಂದು ಗೊತ್ತು. ಇವತ್ತು ಸಂಜೆ ಡೈರಿಯಲ್ಲಿ ಸಭೆ. ನಾನು ಬಂದು, ‘ಪರಿಶೀಲಿಸಿದೆ, ಇದು ಪಕ್ಷಪಾತದ ಸುದ್ದಿ’ ಎಂದು ಒಂದು ಮಾತು ಹೇಳಬೇಕು. ಹೇಳಿದರೆ ನಿನ್ನ ಕೆಲಸ ಉಳಿಯುತ್ತದೆ. ಹೇಳದಿದ್ದರೆ ಡೈರಿಯ ಬೀಗದ ಕೈ, ನಿನ್ನ ಕುರ್ಚಿಗೆ ಕಾದಿರುವ ಶಶಿರೇಖಳಿಗೆ. ನಿಮ್ಮ ಮನೆಯ ಹಾಲನ್ನೂ ಹಾಕಿಸಿಕೊಳ್ಳುವುದಿಲ್ಲ. ಆ ಎರಡು ಸೀಮೆಹಸುಗಳನ್ನು ನಿನ್ನ ಮಾವ ಸೊಣ್ಣಪ್ಪ ಸಂತೆಗೆ ಹೊಡೆದುಕೊಂಡು ಹೋಗಬೇಕು. ಅಷ್ಟೇ ಅಲ್ಲವೇ?

ಕಾಲು ಮುಟ್ಟಬೇಡ. ಆಣೆಯೂ ಬೇಡ. ನೀನು ನೀರು ಬೆರೆಸಿಲ್ಲ, ಅದು ನನಗೆ ಗೊತ್ತು. ಡೈರಿ ಮುಗಿಸಿ ಬಂದು, ಖಾಲಿ ಕ್ಯಾನಿಗೆ ನೀರು ಬಿಟ್ಟು ಅಲುಬುತ್ತೀಯ. ಆ ಬಿಳಿ ನೀರನ್ನು ಚೆಲ್ಲದೆ ಕಲಗಚ್ಚಿಗೆ ಸುರಿದು ಹಸುವಿಗೆ ಇಡುತ್ತೀಯ. ಇಲ್ಲಿ ಹಸು ಕಟ್ಟಿದವರೆಲ್ಲ ಮಾಡುವುದೂ ಅದನ್ನೇ. ದಿನಾ ತಾವೇ ಮಾಡುವ ಕೆಲಸವನ್ನು ಚಿತ್ರದಲ್ಲಿ ಗುರುತಿಸಲಾರದ ಜನ! ಶೀರ್ಷಿಕೆ ಓದಿದರು, ಕಣ್ಣು ಮುಚ್ಚಿಹೋಯಿತು. ತೋರಿಸಿದ್ದನ್ನಲ್ಲ, ಕತ್ತರಿಸಿದ್ದನ್ನು ನೋಡಬೇಕು ಎಂದು ನಾನು ಹೇಳುತ್ತಿದ್ದುದು ಅದಕ್ಕೇ. ಪಕ್ಕದಲ್ಲೇ ಕಲಗಚ್ಚಿನ ನೀಲಿ ಡ್ರಮ್ಮು ಇತ್ತು. ಅದನ್ನು ಬಿಟ್ಟುಬಿಟ್ಟರು. ಅದೊಂದು ಕಂಡಿದ್ದರೆ ಸಾಕಿತ್ತು, ಮಗುವಿಗೂ ಅರ್ಥವಾಗುತ್ತಿತ್ತು.

ಏನು?

ಫೋನನ್ನು ಏಕೆ ಹಾಗೆ ಹಿಗ್ಗಿಸಿ ನೋಡುತ್ತೀಯ? ಇಲ್ಲ, ಚಿತ್ರದಲ್ಲಿ ಡ್ರಮ್ಮು ಇಲ್ಲ. ಅದನ್ನೇ ಅಲ್ಲವೇ ನಾನು ಹೇಳಿದ್ದು?... ಕಲಗಚ್ಚಿನ ಡ್ರಮ್ಮು ಎಲ್ಲರ ಮನೆಯಲ್ಲೂ ಇರುತ್ತದೆ... ಕಲ್ಲುಬಾನಿಯೇ? ನಿಮ್ಮ ಮನೆಯಲ್ಲಿ ಕಲಗಚ್ಚಿಗೆ ಇದ್ದದ್ದು ಕಲ್ಲಿನ ತೊಟ್ಟಿಯೇ? ಬುಧವಾರ ಅದು ಸೀಳುಬಿಟ್ಟಿತೇ... ನೆರೆಮನೆಯಿಂದ ಡ್ರಮ್ಮು ತಂದು, ಗುರುವಾರ ಮಧ್ಯಾಹ್ನವೇ ಹಿಂದಿರುಗಿಸಿದೆಯಾ? ಓ. ಹಾಗಾದರೆ ಯಾರೋ ಹೇಳಿರಬೇಕು. ಮುನಿನಾರಾಯಣಮ್ಮನೇ ಇರಬೇಕು.

ಫೋನು ಕೆಳಗಿಡು.

ಎದ್ದೆ ಏಕೆ? ಬಾಗಿಲು ಆ ಕಡೆ. ರಾಧ... ಮೆಟ್ಟಿಲು ಹತ್ತಬೇಡ. ಮೇಲೆ ಹಳೆಯ ಪುಸ್ತಕಗಳಿವೆ, ಧೂಳು. ರಾಧ! ಆ ಕಿಟಕಿಯ ಬಳಿ ನಿನಗೇನು ಕೆಲಸ?

ಹೌದು. ನಿನ್ನ ಹಿತ್ತಿಲಿಗೆ ಸುತ್ತಲೂ ಗೋಡೆ. ಆ ಕಿಟಕಿಯೊಂದರಿಂದ ಮಾತ್ರ ಕಾಣುತ್ತದೆ. ನಲ್ಲಿ ಕಾಣುತ್ತದೆ. ಕ್ಯಾನಿನ ಒಳಗೂ ಕಾಣುತ್ತದೆ. ನಾನು ಕಲಿಸಿದ ನಾಲ್ಕು ಪ್ರಶ್ನೆ: ಯಾರು ಬರೆದರು, ಯಾರಿಗೆ ಲಾಭ, ಏನನ್ನು ಬಿಟ್ಟರು... ಚಿತ್ರ ತೆಗೆದವರು ಎಲ್ಲಿ ನಿಂತಿದ್ದರು. ಕೊನೆಯದನ್ನು ಇವತ್ತು ನಾನು ಕೇಳಲಿಲ್ಲ. ನೀನು ನೆನಪಿಟ್ಟುಕೊಂಡಿದ್ದೀಯ. ನನ್ನ ತರಗತಿಯಲ್ಲಿ ನೀನು ಯಾವಾಗಲೂ ಮುಂದು.

ಬೈಯುವುದಿಲ್ಲವೇ? ಬೈಯಬಹುದು, ನಿಮ್ಮ ಭಾಷೆಯಲ್ಲೇ ಬೈ... ಹಾಗೆ ನಿಂತು ನೋಡಬೇಡ. ಇಳಿದು ಬಾ.

ಗುಂಪಿಗೆ ಹಾಕುತ್ತೀಯಾ? ಹಾಕು. ‘ಮೇಡಂ ತಮ್ಮ ಮೆಟ್ಟಿಲ ಕಿಟಕಿಯಿಂದ ತೆಗೆದು ಕಳಿಸಿದರು’ ಎಂದು ಬರೆ. ಓದಿದವರು ಏನು ಮಾಡುತ್ತಾರೆ, ಹೇಳು? ಇದು ನಿಜವೋ ಸುಳ್ಳೋ ಎಂದು ಕೇಳಲು ನನಗೇ ಫೋನು ಮಾಡುತ್ತಾರೆ.

ಚಪ್ಪಲಿ ಮೆಟ್ಟಿದೆಯಾ. ಸರಿ. ಹೋಗುವ ಮೊದಲು ಕೇಳಿಕೋ.

ಸಂಜೆ ಸಭೆಗೆ ಬರುತ್ತೇನೆ. ಚಿತ್ರವನ್ನು ಪರಿಶೀಲಿಸಿದ್ದೇನೆ, ಚಿತ್ರ ಅಸಲಿ ಎಂದು ಹೇಳುತ್ತೇನೆ. ನಾಳೆ ಮೇಸ್ತ್ರಿಯನ್ನು ಕರೆಸಿ, ಆ ಕಿಟಕಿಗೆ ಇಟ್ಟಿಗೆ ಇಟ್ಟು ಮುಚ್ಚಿಸುತ್ತೇನೆ.