ಅಣ್ಣನ ಜೀಪಿನ ಸದ್ದು

ಮೋಆಬ್ ಊರಿನ ಗಾಡಿ ಬಿಡಿಭಾಗಗಳ ಅಂಗಡಿಯ ಸರದಿಯಲ್ಲಿ ಲೊರೇನ್ ಎಂಬ ಗಿರಾಕಿಯ ಮುಂದೆ ಅಪ್ಪ, ಮಗ ನಿಂತಿದ್ದರು. ತೀರಿಕೊಂಡ ಹಿರಿಮಗ ಡ್ವೈಟ್‌ನ ಹಳೇ ಜೀಪಿಗೆ ಎಂಜಿನ್ನಿನ ಹೊಗೆ ಸಾಗಿಸುವ ಹೆಡರ್ ಕೊಳವೆ ಬೇಕಿತ್ತು.

“ಉದ್ದದ್ದು ಬೇಡ, ಅಪ್ಪ. ಬಂಡೆ ಹತ್ತುವಾಗ ತಗಲಿ ಜಜ್ಜಿಹೋಗುತ್ತೆ.”

“ನೀನು ಬಂಡೆ ಹತ್ತಿ ಜೀಪು ಮಗುಚಿ ಹಾಕಿದ್ದು ಸಾಲದೇನೋ?”

“ಅಣ್ಣ ಹಾಕಿದ್ದು ಗಿಡ್ಡದ್ದೇ. ಅದಾದ್ರೆ ಅದೇ ಸದ್ದು ಬರುತ್ತೆ.”

“ಅದಕ್ಕೇ ಬೇಡ ಅಂತಿರೋದು.”

“ಯಾಕೆ?”

“ಆ ಸದ್ದು ಕೇಳಿದಾಗೆಲ್ಲ ನಿಮ್ಮಮ್ಮ ಅವನೇ ಬಂದ ಅಂತ ಕೈಕೆಲಸ ಬಿಟ್ಟು ಬಾಗಿಲಿಗೆ ಓಡ್ತಾಳೆ ಕಣೋ.”



“ನಾನು ಬಂದೆ ಅಂತ ಓಡಿ ಬರ್ತಾಳೆ ಅಂದ್ಕೊಂಡಿದ್ದೆ.”

ಅಪ್ಪ ಅವನ ಮುಖ ನೋಡಲಿಲ್ಲ. ಉದ್ದ ಕೊಳವೆಗಳ ಪೆಟ್ಟಿಗೆಯನ್ನು ಆಚೆಗೊಬ್ಬರು ಈಚೆಗೊಬ್ಬರು ಹಿಡಿದುಕೊಂಡು ಬಿಸಿಲಿಗೆ ಇಳಿದರು.