ಎಡಗಡೆಯ ಸಾಲು

ಚರ್ಚಿನ ಬಲಿಪೀಠದ ಬಿಳಿ ಬಟ್ಟೆಗೆ ನೀರು ಚಿಮುಕಿಸಿ ಟೀಚರಮ್ಮ ಇಸ್ತ್ರಿ ಹಾಕುತ್ತಿರುವಾಗ, ಪಕ್ಕದ ಕೋಣೆಯಿಂದ ಪಾದ್ರಿಗಳಿಬ್ಬರ ಮಾತು ಕೇಳಿಸಿತು. ಎರಡು ದಿನದ ಹಿಂದೆ ಬಂದ ಬಿಷಪ್ಪರ ಪತ್ರವನ್ನು ಕಿರಿಯರು ಮತ್ತೊಮ್ಮೆ ಗಟ್ಟಿಯಾಗಿ ಓದಿ ಮುಗಿಸಿದ್ದರು: ಗರ್ಭಪಾತದ ನಿಯಮ ಸಡಿಲಿಸುವ ಕಾಯ್ದೆಯ ಪರ ಮತ ಹಾಕಿದ ಶಾಸಕಿಗೆ ಭಾನುವಾರದ ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ಕೊಡಕೂಡದು.

"ಕೈಯೊಡ್ಡಿ ನಿಂತವರಿಗೆ ಇಲ್ಲ ಅನ್ನೋದು ಹೇಗೆ ಫಾದರ್?"

"ಬಾಯಿಬಿಟ್ಟು ಹೇಳಬೇಡಪ್ಪ. ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಮುಂದಕ್ಕೆ ಕಳಿಸು."

"ಮನಸ್ಸಾಕ್ಷಿ ಒಪ್ಪಿ ಮತ ಹಾಕಿದೆ ಅಂತಾರೆ ಅವರು."

"ಅವಳಿಗೂ ಮನಸ್ಸಾಕ್ಷಿ ಇದೆ, ಬಿಷಪ್ಪರಿಗೂ ಇದೆ. ನಮಗಿರೋದು ವರ್ಗಾವಣೆ."

"ತಮಾಷೆ ಬೇಡಿ. ಎರಡು ದಿನದಿಂದ ಊಟ ಸೇರ್ತಿಲ್ಲ ನನಗೆ."

"ಹಾಗಾದ್ರೆ ಕೇಳು. ಆಕೆ ಯಾವಾಗಲೂ ಬರೋದು ಎಡಗಡೆ ಸಾಲಲ್ಲಿ. ಅಲ್ಲಿ ಪ್ರಸಾದ ಕೊಡೋದು ನೀನಲ್ಲ, ನಮ್ಮ ಟೀಚರಮ್ಮ."

"ಅಯ್ಯೋ, ಅವರ ತಲೆಗೆ ಕಟ್ಟೋದಾ? ಆಕೆಗೆ ಅಕ್ಷರ ಕಲಿಸಿದ್ದೇ ಅವರು!"

"ಅದಕ್ಕೇ ಒಳ್ಳೇದು. ಟೀಚರಮ್ಮನ ಮುಂದೆ ಆಕೆ ರಂಪ ಮಾಡಲ್ಲ."

"ಟೀಚರಮ್ಮ ಒಪ್ಪಬೇಕಲ್ಲ?"

"ಮೂವತ್ತು ವರ್ಷದಲ್ಲಿ ಒಂದು ಸಲನಾದ್ರೂ ಎದುರಾಡಿದ್ದುಂಟಾ ಅವರು? ಕಾಫಿ ಕುಡಿದು ಬಂದು ಹೇಳಿದರಾಯ್ತು, ನಡಿ."

ಕುರ್ಚಿಗಳು ಸರಿದವು, ಹೆಜ್ಜೆಗಳು ದೂರವಾದವು.

ಆ ಕಾಯ್ದೆ ಟೀಚರಮ್ಮನಿಗೂ ಹಿಡಿಸಿರಲಿಲ್ಲ. ಅದೇ ವಿಷಯಕ್ಕೆ ಶಿಷ್ಯೆಯೊಡನೆ ಫೋನಿನಲ್ಲಿ ಜೋರಾಗಿ ಜಗಳವಾಡಿದ್ದರು. ಆದರೆ ಅವಳನ್ನು ಬರಿಗೈಯಲ್ಲಿ ಹಿಂದಕ್ಕೆ ಕಳಿಸುವ ಕೈ ತಮ್ಮದಾಗುವುದು ಅವರಿಗೆ ಬೇಡವಾಗಿತ್ತು. ಪಾದ್ರಿಗಳು ಬಂದು ಹೇಳಿದಾಗ ಎಂದಿನಂತೆ ತಲೆಯಾಡಿಸುವುದು, ಭಾನುವಾರ ಅವಳ ಅಂಗೈಯಲ್ಲಿ ಪ್ರಸಾದವಿಡುವುದು ಎಂದು ಅವರು ನಿರ್ಧರಿಸಿದರು.